ಸ್ನೇಹಿತನ ಸಾಲಕ್ಕೆ ಜಾಮೀನು: ನನ್ನ ಅನುಭವ

ಸ್ನೇಹಿತ ವ್ಯಾಪಾರಕ್ಕೆಂದು ಬ್ಯಾಂಕಿನಲ್ಲಿ ಓಡಿ (ಓವರ್‌ಡ್ರಾಫ್ಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ) ಮಾಡಿಸಿದಾಗ ಜಾಮೀನು ಹಾಕಿದವರು ಇಬ್ಬರು. ನಾನು, ಮತ್ತು ಅವನ ಭಾವ. 'ಸುಮ್ನೆ ಒಂದು ಸಹಿ ಅಷ್ಟೇ' ಎಂದಿದ್ದ. ಅವನು ಮೋಸ ಮಾಡಲು ಹಾಗೆ ಹೇಳಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಮೇಲೆ ನೋಟಿಸ್ ನನ್ನ ಮನೆಗೆ ಬಂತು. 'ಮೊದಲು ಅವನಿಂದ ವಸೂಲಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ' ಎಂದು ಬ್ಯಾಂಕಿಗೆ ಹೋಗಿ ಕೇಳಿಕೊಂಡೆ. ಅದು ನ್ಯಾಯ ಅಲ್ವಾ? ಕಾನೂನು ಹಾಗಿಲ್ಲ ಎಂದು ವಕೀಲರು ಬಿಡಿಸಿ ಹೇಳಿದರು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಜಾಮೀನು ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಅಸಲು, ಬಡ್ಡಿ ಎಲ್ಲ ಸೇರಿ. ಸಾಲಗಾರನನ್ನು ಬಿಟ್ಟು ನೇರವಾಗಿ ನನ್ನನ್ನೇ ಹಿಡಿಯಬಹುದು. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಇದನ್ನು ಹೇಳಿದೆ. ಬ್ಯಾಂಕನ್ನು ಕಾಯಿಸಿದರೆ ಜಾಮೀನು ಪಡೆದ ಉದ್ದೇಶವೇ ಹಾಳಾಗುತ್ತದೆ ಎಂಬುದು ಅದರ ಮಾತು.

ನನ್ನ ಹತ್ತಿರ ಪತ್ರದ ನಕಲೂ ಇರಲಿಲ್ಲ. ಅರ್ಜಿ ಕೊಟ್ಟು ತೆಗೆದುಕೊಂಡೆ. ಓದುವಾಗ ಒಂದು ಆಸೆ ಹುಟ್ಟಿತು. ನಡುವೆ ನನಗೆ ಹೇಳದೆ ಸಾಲದ ಷರತ್ತು ಬದಲಿಸಿದ್ದರು. 133ನೇ ಸೆಕ್ಷನ್ ಪ್ರಕಾರ, ಜಾಮೀನುದಾರ ಒಪ್ಪದೆ ಷರತ್ತು ಬದಲಾದರೆ ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಆದರೆ ಮೂರನೇ ಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಇಂಥ ಬದಲಾವಣೆಗೆಲ್ಲ ಜಾಮೀನುದಾರನ ಒಪ್ಪಿಗೆ ಮೊದಲೇ ಇದೆ ಎಂದು. ಕೆಳಗೆ ನನ್ನದೇ ಸಹಿ. ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನ ಪತ್ರಗಳಲ್ಲಿ ಈ ಸಾಲು ಹೊಸದೇನಲ್ಲವಂತೆ. ಸಹಿ ಹಾಕುವವರು ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಇದನ್ನೇ.

ಓಡಿಗೆ ಹಾಕುವುದು ಮುಂದುವರಿಯುವ ಜಾಮೀನು. ಸ್ನೇಹಿತ ಮತ್ತೆ ಹಣ ತೆಗೆದರೆ ಅದೂ ನನ್ನ ತಲೆಗೆ ಬರುತ್ತಿತ್ತು. ಹಾಗಾಗಿ 'ಇನ್ನು ಮುಂದಿನ ವ್ಯವಹಾರಕ್ಕೆ ನನ್ನ ಜಾಮೀನು ಇಲ್ಲ' ಎಂದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರೆದು ಕಳಿಸಿದೆ. 130ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ. ಹಳೆಯ ಬಾಕಿ ಮಾತ್ರ ಹಾಗೇ ಉಳಿಯಿತು.

ಅದನ್ನು ಕಟ್ಟಿದೆ. ರಸೀದಿಯಲ್ಲಿ 'ಜಾಮೀನುದಾರನಾಗಿ ಕಟ್ಟಿದ್ದು' ಎಂದು ಬರೆಸಿಕೊಂಡೆ. ಈ ಒಂದು ಮಾತಿಗೆ ಅರ್ಧ ದಿನ ಕೂತಿದ್ದೆ, ಆದರೆ ಬಿಡಲಿಲ್ಲ. ಕಟ್ಟಿದ್ದು ಸ್ನೇಹಿತನಿಗೆ ಕೊಟ್ಟ ಕೈಸಾಲವೋ ಸಹಾಯವೋ ಎಂಬ ಪ್ರಶ್ನೆ ನಾಳೆ ಏಳಬಾರದಲ್ವಾ? ಬಾಕಿ ಪೂರ್ತಿ ತೀರಿಸಿದ ಜಾಮೀನುದಾರ ಸಾಲಗಾರನ ಎದುರು ಬ್ಯಾಂಕಿನ ಜಾಗದಲ್ಲೇ ನಿಲ್ಲುತ್ತಾನೆ. ಸಾಲಕ್ಕೆ ಭದ್ರತೆಯಾಗಿ ಕೊಟ್ಟಿದ್ದ ಅವನ ಯಂತ್ರದ ಮೇಲೆ ಬ್ಯಾಂಕಿಗಿದ್ದ ಹಕ್ಕು ನನಗೆ ಬಂದದ್ದು ಹೀಗೆ.

ಭಾವನವರ ಜೊತೆಗಿನ ಮಾತು ಕಷ್ಟವಾಯಿತು. 'ನೋಟಿಸ್ ಬಂದದ್ದು ನಿಮಗೆ, ನನಗಲ್ಲವಲ್ಲ' ಎಂದರು. ಒಂದೇ ಸಾಲಕ್ಕೆ ಇಬ್ಬರು ಜಾಮೀನು ನಿಂತರೆ, ಬೇರೆ ಮಾತಾಗಿರದಿದ್ದರೆ, ಇಬ್ಬರದೂ ಸಮಪಾಲು. 146ನೇ ಸೆಕ್ಷನ್ ತೆಗೆದು ತೋರಿಸಿದೆ. ಮೂರು ತಿಂಗಳಲ್ಲಿ ಅವರ ಅರ್ಧ ಕೊಟ್ಟರು.

ಉಳಿದ ಅರ್ಧ ಸ್ನೇಹಿತನದು. ಜಾಮೀನುದಾರ ನ್ಯಾಯವಾಗಿ ಕಟ್ಟಿದ್ದನ್ನು ಸಾಲಗಾರ ತುಂಬಿಕೊಡಬೇಕು ಎಂದು 145ನೇ ಸೆಕ್ಷನ್ ಹೇಳುತ್ತದೆ. ಕೋರ್ಟಿಗೆ ಹೋಗಲಿಲ್ಲ. ಕಂತಿನ ಲೆಕ್ಕ ಬರೆದು ಇಬ್ಬರೂ ಸಹಿ ಹಾಕಿದೆವು. ಯಂತ್ರ ಅವನ ಹತ್ತಿರವೇ ಇದೆ, ಅದರಲ್ಲೇ ದುಡಿಯುತ್ತಿದ್ದಾನೆ. ಹೋದ ತಿಂಗಳು ಹನ್ನೊಂದನೇ ಕಂತು ಬಂತು.