ಕೂಲರ್ ಇಟ್ಟ ಮೇಲೆ ಪಾಸಾದ ಸೋಲಾರ್ ಪ್ಯಾನಲ್: ಕಲಬುರಗಿಯಿಂದ ನನ್ನ ಅನುಭವ

ಪ್ಯಾನಲ್ ಮಾಡುವ ಶೆಡ್ಡಿನಲ್ಲಿ ಕೂಲರ್ ಇಟ್ಟಿದ್ದೇನೆ ಅಂದಾಗ ಈ ಧಂದೆಯವರೆಲ್ಲ ನಕ್ಕಿದ್ದರು. ನಗುವಂಥದ್ದೇ. ಸೆಲ್ಲನ್ನು ಗಾಜಿಗೆ ಅಂಟಿಸುವ ಇವಿಎ ಹಾಳೆಯ ರೋಲ್‌ಗೆ ತೇವ ತಾಗಬಾರದು ಅಂತ ಬಾಗಿಲು ಮುಚ್ಚಿ, ಎಸಿ ಹಾಕಿಕೊಂಡು ಕೂರುವವರು ನಾವು. ಅಂಥದ್ದರಲ್ಲಿ ಬೇಕಂತಲೇ ಹಸಿ ಗಾಳಿ ಬಿಡುವುದೇ? "ಮಂದಿಗಿ ಫ್ಯಾನು, ಸಿಲಿಕಾನ್‌ಗಿ ಕೂಲರ್ ಏನ್ರೀ ಅಣ್ಣಾ?" ಅಂತ ಸೆಲ್ಲಿಗೆ ರಿಬ್ಬನ್ ತಂತಿ ಬೆಸೆಯುವ ಟ್ಯಾಬಿಂಗ್ ಟೇಬಲ್ಲಿನ ಹುಡುಗನೇ ಕೇಳಿದ. ಅವನು ಹೇಳಿದ ಸಿಲಿಕಾನ್ ಸೆಲ್ಲಿನದಲ್ಲ, ಪ್ಯಾನಲ್ಲಿನ ಬೆನ್ನಿಗೆ ವೈರಿನ ಜಂಕ್ಷನ್ ಬಾಕ್ಸ್ ಅಂಟಿಸುವ ರಬ್ಬರಿನಂಥ ಅಂಟು. ಈಗ ನಮ್ಮ 100 ವ್ಯಾಟ್ ಪ್ಯಾನಲ್ಲಿನ ಬೆನ್ನ ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್ ಕೊಡುವ ನೋಂದಣಿ ಸಂಖ್ಯೆ, ಆರ್-ನಂಬರ್ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ ನಮ್ಮದು. ದೊಡ್ಡ ಛಾವಣಿ ಪ್ಯಾನಲ್ ನಾವು ಮಾಡುವುದಿಲ್ಲ. ಸರ್ಕಾರ ಒಪ್ಪಿದ ತಯಾರಕರ ಎಎಲ್ಎಂಎಂ ಪಟ್ಟಿ, ಸಬ್ಸಿಡಿ ಯೋಜನೆ, ಆ ಗೊಡವೆಗೂ ಹೋಗಿಲ್ಲ. ತೊಗರಿ ಹೊಲಕ್ಕೆ ಚಿಗರಿ, ಹಂದಿ ನುಗ್ಗದಂತೆ ಹಾಕುವ ಝಟ್ಕಾ ಬೇಲಿ, ತೋಟದ ಮನೆಯ ದೀಪ, ಇಂಥವಕ್ಕೆ 12 ವೋಲ್ಟ್ ಪ್ಯಾನಲ್. ಪೂರ್ತಿ 36 ಸೆಲ್. ಅಗ್ಗದವರು 32ಕ್ಕೇ ನಿಲ್ಲಿಸುತ್ತಾರೆ. ಜನವರಿಯಲ್ಲಿ ಅದೂ ನಡೆಯುತ್ತದೆ. ನಮ್ಮ ಮೇ ತಿಂಗಳಲ್ಲಿ ಸೆಲ್ 65 ಡಿಗ್ರಿ ಮುಟ್ಟುತ್ತದೆ. ಆಗ 36 ಸೆಲ್ಲಿನ ಹದಿನೆಂಟೂವರೆ ವೋಲ್ಟ್ ಹದಿನೈದೂವರೆಗೆ ಇಳಿಯುತ್ತದೆ. 32ರದ್ದು ಹದಿನಾಲ್ಕರ ಕೆಳಗೆ ಹೋಗುತ್ತದೆ. ಬ್ಯಾಟರಿ ತುಂಬಲು 14.4 ಬೇಕು. ರೈತ ಬ್ಯಾಟರಿ ಅಂಗಡಿಯವನ ಜೊತೆ ಜಗಳ ಆಡುತ್ತಾನೆ, ತಪ್ಪು ಪ್ಯಾನಲ್ಲಿನದು.

ಪ್ಯಾನಲ್ ಮಾರಲು ಬಿಐಎಸ್ ನೋಂದಣಿ ಕಡ್ಡಾಯ ಅಂತ 2017ರಲ್ಲಿ ಸರ್ಕಾರದ ಆದೇಶ ಬಂತು. ಅದಕ್ಕೆ ಐಎಸ್ 14286, ಐಎಸ್/ಐಇಸಿ 61730 ಅನ್ನುವ ಮಾನದಂಡಗಳ ಪರೀಕ್ಷೆ ಲ್ಯಾಬ್‌ನಲ್ಲಿ ಪಾಸಾಗಬೇಕು. ಖರ್ಚಿನ ಮಾತಿಗೆ ಬರುತ್ತೇನೆ. ಬೆಂಗಳೂರಿನ ಲ್ಯಾಬ್‌ನ ಪರೀಕ್ಷಾ ಶುಲ್ಕ ಏಳೆಂಟು ಲಕ್ಷ ಆಯಿತು. ಗಾಜು, ಇವಿಎ, ಸೆಲ್ ಎಲ್ಲ ಬಿಸಿಯಲ್ಲಿ ಒತ್ತಿ ಅಂಟಿಸುವ ಹಳೆಯ ಲ್ಯಾಮಿನೇಟರ್‌ಗೆ ಕೊಟ್ಟಿದ್ದೇ ಒಂಬತ್ತರ ಆಸುಪಾಸು. ಮೊದಲ ಸಲ ಫೇಲ್ ಆದಾಗ ಇನ್ನೂ ಎರಡು ಲಕ್ಷ ಕೈಬಿಟ್ಟಿತು. ಮನೆಯಲ್ಲಿ ಆಗ ಏನು ಮಾತು ಬಂತು ಅನ್ನುವುದು ಬೇಡ ಬಿಡಿ. ಇನ್ನೊಮ್ಮೆ ದುಡ್ಡು ಕಟ್ಟುವ ಮೊದಲು ಲ್ಯಾಬ್ ಮಾಡುವುದನ್ನೆಲ್ಲ ಆದಷ್ಟು ಶೆಡ್ಡಿನಲ್ಲೇ ಮಾಡಿ ನೋಡಬೇಕು ಅಂತ ನಿಶ್ಚಯ ಮಾಡಿದೆ.

ಫೇಲ್ ಆಗಿದ್ದು, ಒದ್ದೆಯಾದಾಗ ಕರೆಂಟ್ ಸೋರುತ್ತದೆಯೇ ಅಂತ ನೋಡುವ ವೆಟ್ ಲೀಕೇಜ್‌ನಲ್ಲಿ. ಪ್ಯಾನಲ್ಲನ್ನು ನೀರಲ್ಲಿಟ್ಟು, ಜಂಕ್ಷನ್ ಬಾಕ್ಸ್‌ನ ಕೇಬಲ್ ಬಾಯಿಗೆ ಅದೇ ನೀರು ಸಿಂಪಡಿಸಿ, ವೋಲ್ಟೇಜ್ ಕೊಟ್ಟು ನಿರೋಧ ಅಳೆಯುತ್ತಾರೆ. ನಿರೋಧವನ್ನು ಪ್ಯಾನಲ್ಲಿನ ಚದರ ಮೀಟರಿಗೆ ಗುಣಿಸಿದರೆ 40 ಮೆಗಾಓಮ್ ದಾಟಬೇಕು. ನಮ್ಮದು ಸುಮಾರು 0.6 ಚದರ ಮೀಟರ್. ಅಂದರೆ 67ರ ಮೇಲೆ ಬರಬೇಕು. ಬಂದದ್ದು ಇಪ್ಪತ್ತು ಚಿಲ್ಲರೆ. ಸಲಹೆಗಾರರೊಬ್ಬರು ಸಿಲಿಕಾನ್ ಬದಲಿಸಿ, ವಿದೇಶದ್ದು ತರಿಸಿ ಅಂದರು. ಇನ್ನೊಬ್ಬರು ಬಾಕ್ಸನ್ನೇ ಬದಲಿಸಿ ಅಂದರು. ಎರಡಕ್ಕೂ ದುಡ್ಡು ಬೇಕು.

ನಾನು ಸಿಮೆಂಟ್ ತೊಟ್ಟಿಗೆ ತಾಡಪತ್ರಿ ಹಾಸಿದೆ. ನೀರು, ಸ್ವಲ್ಪ ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮುಚ್ಚಳ. ಪಕ್ಕದ ಮೋಟಾರ್ ರೀವೈಂಡಿಂಗ್ ಅಂಗಡಿಯಿಂದ ನಿರೋಧ ಅಳೆಯುವ 1000 ವೋಲ್ಟ್ ಮೆಗ್ಗರ್ ಕಡ ತಂದೆ. ಗೋದಾಮಿನಲ್ಲಿದ್ದ ಹಳೆಯ ಪ್ಯಾನಲ್ಲುಗಳನ್ನೆಲ್ಲ ಒಂದೊಂದಾಗಿ ಮುಳುಗಿಸಿದೆ. ಅಲ್ಲಿ ವಿಷಯ ಸಿಕ್ಕಿತು. ಮಳೆಗಾಲದಲ್ಲಿ ಮಾಡಿದವು ನೂರಾರು ಮೆಗಾಓಮ್ ತೋರಿಸಿದವು. ಬೇಸಿಗೆಯಲ್ಲಿ ಮಾಡಿದವು ಬಿದ್ದವು. ಅದೇ ಬಾಕ್ಸ್, ಅದೇ ಸಿಲಿಕಾನ್, ಅದೇ ಹುಡುಗರು. ಲ್ಯಾಬ್‌ಗೆ ಕಳಿಸಿದ್ದ ಸ್ಯಾಂಪಲ್ ಮೇ ತಿಂಗಳಲ್ಲಿ ಮಾಡಿದ್ದವು.

ಒಂದೇ ಟ್ಯೂಬಿನಲ್ಲಿ ಬರುವ ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಡಬ್ಬಿಯ ಮೇಲೆ ದಿನಕ್ಕೆ ಎರಡು ಮೂರು ಮಿಲಿಮೀಟರ್ ಅಂತ ಬರೆದಿರುವುದು 50 ಪರ್ಸೆಂಟ್ ತೇವದ ಲೆಕ್ಕದಲ್ಲಿ. ನಮ್ಮ ಬೇಸಿಗೆ ಮಧ್ಯಾಹ್ನ 20 ಸಿಕ್ಕರೆ ಹೆಚ್ಚು. ಅದರ ಮೇಲೆ ಬಾಕ್ಸ್ ಪ್ಲಾಸ್ಟಿಕ್, ಕೆಳಗೆ ಪ್ಯಾನಲ್ಲಿನ ಬೆನ್ನಿನ ಹಾಳೆ, ಅಂದರೆ ಬ್ಯಾಕ್‌ಶೀಟ್, ತೇವ ಒಳಗೆ ಹೋಗಬೇಕಾದರೆ ಅಂಚಿನಿಂದಲೇ ಹೋಗಬೇಕು. ಮೇಲೆ ಮುಟ್ಟಿದರೆ ಗಟ್ಟಿ, ಬಾಕ್ಸ್ ಕಿತ್ತು ನೋಡಿದರೆ ನಡುವೆ ಇನ್ನೂ ಪೇಸ್ಟ್. ಅದನ್ನೇ ಪ್ಯಾಕ್ ಮಾಡಿ ಲಾರಿಗೆ ಹಾಕಿದರೆ ಆರುನೂರು ಕಿಲೋಮೀಟರ್ ಅಲುಗಾಟದಲ್ಲಿ ಬಾಕ್ಸ್ ಕೂದಲೆಳೆಯಷ್ಟು ಸರಿದರೂ ಸಾಕು, ನೀರಿಗೆ ದಾರಿ ಸಿಗುತ್ತದೆ. ಎರಡು ಭಾಗ ಬೆರೆಸಿ ಬಾಕ್ಸ್ ಒಳಗೆ ಸುರಿಯುವ ಪಾಟಿಂಗ್ ಬೇರೆ. ಅದು ಗಾಳಿಯ ತೇವಕ್ಕೆ ಕಾಯುವುದಿಲ್ಲ.

ಹಾಗಾಗಿ ಶೆಡ್ಡಿನ ಮೂಲೆಗೆ ಪ್ಲೈವುಡ್ ಗೋಡೆ ಕಟ್ಟಿಸಿ, ಕೂಲರ್ ಇಟ್ಟು, ಗೋಡೆಗೆ ತೇವ ತೋರಿಸುವ ಮೀಟರ್ ತೂಗುಹಾಕಿದೆ. ಎಲ್ಲ ಸೇರಿ ಹನ್ನೆರಡು ಸಾವಿರ ಆಗಿರಬಹುದು. 55-60 ಪರ್ಸೆಂಟಿನಲ್ಲಿ ಇಟ್ಟರೆ ಸಾಕು. ಎಷ್ಟು ದಿನ ಇಡುತ್ತೇನೆ, ಬಾಕ್ಸ್ ಕೆಳಗೆ ಸಿಲಿಕಾನ್ ಗೆರೆಯನ್ನು ಹೇಗೆ ಎಳೆದರೆ ತೇವ ನಡುವಿನ ತನಕ ಹೋಗುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಇವಿಎ ಕೋಣೆ ಮಾತ್ರ ಇನ್ನೊಂದು ತುದಿಯಲ್ಲಿರಬೇಕು, ಎಸಿ ಇರಬೇಕು, ಎರಡರ ಬಾಗಿಲು ಎದುರುಬದುರು ಬರಬಾರದು.

ಲ್ಯಾಬ್ ಮಾಡುವ ಪರೀಕ್ಷೆ ಇನ್ನೂ ಇವೆ. ಬಿಸಿ, ತೇವ ಎರಡರಲ್ಲೂ ಇಟ್ಟು ನೋಡುವ ಡ್ಯಾಂಪ್ ಹೀಟ್ 1000 ಗಂಟೆ, 85 ಡಿಗ್ರಿ, 85 ಪರ್ಸೆಂಟ್ ತೇವ. ಆರು ವಾರ ಮೀಟರ್ ಓಡುತ್ತದೆ. ಥರ್ಮಲ್ ಸೈಕಲ್ ಮೈನಸ್ 40ರಿಂದ 85ಕ್ಕೆ 200 ಸಲ, ಬಿಸಿಯೇರುವಾಗ ಕರೆಂಟ್ ಬೇರೆ ಹಾಯಿಸುತ್ತಾರೆ. ನನ್ನ ಹತ್ತಿರ ಇದ್ದದ್ದು ಐಸ್‌ಕ್ರೀಮ್ ಅಂಗಡಿಯ ಹಳೆಯ ಡೀಪ್ ಫ್ರೀಜರ್. ಮೈನಸ್ 20ರ ಕೆಳಗೆ ಅದು ಹೋಗುವುದಿಲ್ಲ. ಬಿಸಿಗೆ ತಗಡಿನ ಪೆಟ್ಟಿಗೆ, ಹೀಟರ್, ಥರ್ಮೋಸ್ಟ್ಯಾಟ್. ಅದೇ ಮಾಲಿನಿಂದ ಸಣ್ಣ 20 ವ್ಯಾಟ್ ಪ್ಯಾನಲ್ ಮಾಡಿ, ಇಲ್ಲಿಂದ ಅಲ್ಲಿಗೆ ಕೈಯಲ್ಲೇ ಎತ್ತಿಟ್ಟೆವು. ಲ್ಯಾಬ್‌ನ ಪರೀಕ್ಷೆಗೆ ಇದು ಸಾಟಿಯಲ್ಲ, ಆದರೆ ರಿಬ್ಬನ್ ಬೆಸುಗೆಯ ಹುಳುಕು ಹೊರಗೆ ಬಂತು. ಹುಳುಕು ನೋಡಲು ಇಎಲ್, ಅಂದರೆ ಕರೆಂಟ್ ಹಾಯಿಸಿದಾಗ ಸೆಲ್ ಬಿಡುವ ಕಣ್ಣಿಗೆ ಕಾಣದ ಬೆಳಕಿನ ಫೋಟೋ, ಬೇಕಲ್ವಾ? ಮಾಡಿದ್ದು ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾದ ಒಳಗಿನ ಇನ್‌ಫ್ರಾರೆಡ್ ಫಿಲ್ಟರ್ ತೆಗೆಸಿ. ಕತ್ತಲ ಕೋಣೆ, ಪವರ್ ಸಪ್ಲೈಯಿಂದ ಕರೆಂಟ್, ಹತ್ತು ಹದಿನೈದು ಸೆಕೆಂಡ್ ಎಕ್ಸ್‌ಪೋಷರ್. ಸೆಲ್ಲಿನ ಬಿರುಕು ಎಕ್ಸ್‌ರೇಯಲ್ಲಿ ಮೂಳೆ ಕಂಡ ಹಾಗೆ ಕಾಣುತ್ತದೆ. ಲಕ್ಷಗಟ್ಟಲೆ ಕೊಟ್ಟು ಇಎಲ್ ಯಂತ್ರ ಇಟ್ಟುಕೊಂಡವರೂ ಬಂದು ನೋಡಿ ಹೋಗಿದ್ದಾರೆ.

ಲ್ಯಾಮಿನೇಶನ್ ಮಧ್ಯೆ ಕರೆಂಟ್ ಹೋದರೆ ವ್ಯಾಕ್ಯೂಮ್ ಪಂಪ್ ನಿಂತು ಗುಳ್ಳೆ. ಜನರೇಟರ್ ಶುರುವಾಗುವ ಅಷ್ಟು ಹೊತ್ತೂ ಅದು ತಡೆಯುವುದಿಲ್ಲ. ಪಂಪಿಗೆ ಬೇರೆ ಇನ್ವರ್ಟರ್ ಕೊಟ್ಟ ಮೇಲೆ ಆ ತಲೆನೋವು ಹೋಯಿತು.

ಆಲಿಕಲ್ಲಿನ ಪರೀಕ್ಷೆಯನ್ನು ಶೆಡ್ಡಿನಲ್ಲಿ ನಾವು ಮಾಡಲೇಬೇಕಿರಲಿಲ್ಲ. 3.2 ಮಿಲಿಮೀಟರ್ ಟಫನ್ಡ್ ಗಾಜು ಅದನ್ನು ತಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಬೀದರ್ ಕಡೆಯ ಗಿರಾಕಿಗಳು ಮೊದಲು ಕೇಳುವುದು ಅದನ್ನೇ. 25 ಮಿಲಿಮೀಟರ್ ಐಸ್ ಗುಂಡು, ಸೆಕೆಂಡಿಗೆ 23 ಮೀಟರ್, ಹನ್ನೊಂದು ಜಾಗದಲ್ಲಿ ಹೊಡೆತ. ಮೇಲಿನಿಂದ ಬಿಟ್ಟರೆ ಆಗದೇ ಅಂತ ಲೆಕ್ಕ ಹಾಕಿದರೆ, ಗಾಳಿಯ ತಡೆ ಬಿಟ್ಟರೂ 27 ಮೀಟರ್ ಎತ್ತರ ಬೇಕು. ಅಷ್ಟು ಎತ್ತರದ ನೀರಿನ ಟ್ಯಾಂಕ್ ನಮಗೆ ಯಾರು ಬಿಟ್ಟುಕೊಡುತ್ತಾರೆ? ಪಿವಿಸಿ ಪೈಪು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸೇರಿಸಿ ತುಪಾಕಿ ಮಾಡಿದೆವು. ವೇಗ ಅಳೆದದ್ದು ಫೋನಿನ ಸ್ಲೋ ಮೋಷನ್‌ನಲ್ಲಿ. ಸೆಕೆಂಡಿಗೆ 240 ಫ್ರೇಮ್, ಹಿಂದೆ ಅಳತೆ ಪಟ್ಟಿ, ಫ್ರೇಮಿಗೆ ಒಂಬತ್ತೂವರೆ ಸೆಂಟಿಮೀಟರ್ ಸರಿದರೆ ಸರಿ. ಗಾಜು ಒಡೆಯಲಿಲ್ಲ. ಒಂದು ಟ್ಯೂಬ್‌ಲೈಟ್ ಒಡೆಯಿತು. ಹುಡುಗರಿಗೆ ಆ ದಿನ ಹಬ್ಬ.

ಇನ್ನೊಂದು ಪ್ರಯೋಗ ಇನ್ನೂ ನಡೆದಿದೆ. ಗೆಳೆಯನ ದಾಲ್ ಮಿಲ್ಲಿನ ಛಾವಣಿ ಮೇಲೆ ಎರಡು ಪ್ಯಾನಲ್ ಇಟ್ಟಿದ್ದೇನೆ. ತೊಗರಿಗೆ ಎಣ್ಣೆ ಹಚ್ಚಿ ಒಡೆಯುತ್ತಾರಲ್ಲ, ಆ ಹೊಟ್ಟಿನ ಧೂಳು ಅಂಟಂಟು. ಬರಿ ನೀರಿಗೆ ಬಿಡುವುದಿಲ್ಲ. ಸೋಪಿನ ನೀರಿಗೆ ಬಿಡುತ್ತದೆ, ಆದರೆ ಅದು ಅಲ್ಯೂಮಿನಿಯಂ ಫ್ರೇಮಿಗೆ ಏನು ಮಾಡುತ್ತದೆ ಅಂತ ನೋಡುತ್ತಿದ್ದೇನೆ.

ಎರಡನೇ ಸಲ ಸ್ಯಾಂಪಲ್ಲುಗಳನ್ನು ಕೂಲರ್ ಕೋಣೆಯಿಂದಲೇ ತೆಗೆದು, ನಿಲ್ಲಿಸಿ ಕಟ್ಟಿಸಿ ಕಳಿಸಿದೆ. ವೆಟ್ ಲೀಕೇಜ್ ಪಾಸ್. ಡ್ಯಾಂಪ್ ಹೀಟ್ ಆದ ಮೇಲೆ ಪವರ್ ಇಳಿಕೆ ಶೇ. 5ರ ಒಳಗಿರಬೇಕು, ನಮ್ಮದು ಎರಡರ ಹತ್ತಿರ. ಕೊನೆಗೆ ಆತಂಕ ಹುಟ್ಟಿಸಿದ್ದು ಯಾವುದು ಗೊತ್ತಾ, ಸ್ಟಿಕ್ಕರ್. ನೀರಿನ ಬಟ್ಟೆ, ಆಮೇಲೆ ಪೆಟ್ರೋಲಿಯಂ ದ್ರಾವಕದ ಬಟ್ಟೆ ಹಿಡಿದು ಉಜ್ಜಿದರೂ ಅಕ್ಷರ ಅಳಿಸಬಾರದು. ಇಲ್ಲಿ ಪ್ರಿಂಟ್ ಮಾಡಿಸಿದ್ದನ್ನು ಶೆಡ್ಡಿನಲ್ಲೇ ಉಜ್ಜಿ ನೋಡಿದ್ದಕ್ಕೆ ಬಚಾವಾದೆ, ಹೈದರಾಬಾದಿನಿಂದ ಬೇರೆ ತರಿಸಿದೆ.

ರಿಪೋರ್ಟ್ ಬಂದ ಮೇಲೆ ಬಿಐಎಸ್ ಪೋರ್ಟಲ್ಲಿನ ಕೆಲಸ ಬೇಗ ಮುಗಿಯಿತು. ನೋಂದಣಿ ಎರಡು ವರ್ಷದ್ದು. ಈಗಿನ ಕಷ್ಟ ಬೇರೆ. ಇವಿಎ ಕೊಡುವವನು ರೇಟ್ ಏರಿಸಿದ್ದಾನೆ. ಅಗ್ಗದ ರೋಲ್ ಹಿಡಿದು ಇಬ್ಬರು ಬಾಗಿಲಿಗೆ ಬಂದಿದ್ದರು. ಆದರೆ ರಿಪೋರ್ಟಿನಲ್ಲಿ ಬರೆಸಿದ ಮಾಲು ಬದಲಿಸಿದರೆ ಮತ್ತೆ ಪರೀಕ್ಷೆ, ಮತ್ತೆ ಆರು ವಾರ. ಹಾಗಾಗಿ ಹಳೆಯವನಿಗೇ ಜಾಸ್ತಿ ಕೊಡುತ್ತಿದ್ದೇನೆ. ಪ್ಯಾನಲ್ಲಿಗೆ ಎಪ್ಪತ್ತೆಂಬತ್ತು ರೂಪಾಯಿ ಏರಿದೆ. ಸುರಪುರ, ಶಹಾಪುರದ ಅಂಗಡಿಗಳು ಆ ರೇಟಿಗೂ ಒಯ್ಯುತ್ತಿವೆ, ಬೀದರಿನವರು ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.