ಕೂತು ಕುಡಿಯುವ ಕಾಫಿ

2020ರ ಜನವರಿ 31, ಶುಕ್ರವಾರ. ಬಿಎಸ್‌ಎನ್‌ಎಲ್‌ನಲ್ಲಿ ಸ್ವಯಂ ನಿವೃತ್ತಿ ತಗೊಂಡವರೆಲ್ಲ ಅವತ್ತು ಒಂದೇ ದಿನ ಹೊರಗೆ ಬಂದೆವು. ದೇಶದಲ್ಲೆಲ್ಲ ಸೇರಿ 78 ಸಾವಿರಕ್ಕೂ ಜಾಸ್ತಿ ಜನ. ಅದರಲ್ಲಿ ನಾನೂ ಒಬ್ಬಳು. ನನಗಾಗ 57.

ಮಾರನೇ ದಿನ ಎಂದಿನಂತೆ ಐದೂವರೆಗೆ ಎಚ್ಚರವಾಯಿತು. ಡಿಕಾಕ್ಷನ್ ಹಾಕಿದೆ, ಹಾಲು ಕಾಯಿಸಿದೆ. ನಮ್ಮನೆಯವರಿಗೆ ಕೊಟ್ಟೆ, ಅತ್ತೆಗೆ ಕೊಟ್ಟೆ. ನನ್ನ ಲೋಟ ಹಿಡಿದು ಅಡುಗೆಮನೆ ಕಟ್ಟೆಗೆ ಒರಗಿ ನಿಂತೆ. ಹಜಾರದಿಂದ ಅತ್ತೆ ಕೂಗಿದರು. "ಇವತ್ತೂ ನಿಂತ್ಕೊಂಡೇ ಕುಡೀತೀಯೇನೇ? ಎಲ್ಲಿಗೆ ಹೋಗಬೇಕು ಈಗ? ಬಾ, ಕೂತ್ಕೋ."

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಹೌದಲ್ವಾ, ಎಲ್ಲಿಗೆ ಹೋಗಬೇಕು?

1984ರಲ್ಲಿ ಟ್ರಂಕ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿ ಸೇರಿದೆ. ದೂರದೂರಿನ ಫೋನ್ ಕರೆಗಳನ್ನು ಕೈಯಲ್ಲೇ ಜೋಡಿಸಿಕೊಡುವ ಕೆಲಸ. ಕಿವಿಗೆ ಹೆಡ್‌ಸೆಟ್, ಎದುರಿಗೆ ಬೋರ್ಡು, ಕೈಯಲ್ಲಿ ವೈರು. ಆರ್ಡಿನರಿ ಕಾಲ್, ಅರ್ಜೆಂಟ್ ಕಾಲ್, ಲೈಟ್ನಿಂಗ್ ಕಾಲ್. ಪಕ್ಕದಲ್ಲಿ ಇಟ್ಟ ಕಾಫಿ ಕೆನೆ ಕಟ್ಟುತ್ತಿತ್ತು. ಮನೆಯಲ್ಲೂ ಅಷ್ಟೇ. ಮಕ್ಕಳ ಡಬ್ಬಿ, ಯಜಮಾನರ ಡಬ್ಬಿ, ಏಳು ಗಂಟೆ ಬಸ್ಸು. ಆ 36 ವರ್ಷದಲ್ಲಿ ಬಿಸಿಬಿಸಿ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕೂತು ಕುಡಿದ ನೆನಪು ನನಗೆ ಇಲ್ಲ. ಎಲ್ಲರಿಗೂ ಮಾಡಿಕೊಟ್ಟ ಕಾಫಿ ನಾನು ಮಾಡಿದ್ದೇ. ಅದರ ರುಚಿ ಮಾತ್ರ ನನಗೆ ಗೊತ್ತಿರಲಿಲ್ಲ.

ಅವತ್ತು ಅತ್ತೆ ಪಕ್ಕ ಕೂತು ಕುಡಿದೆ. ಕಾಫಿ ಚೆನ್ನಾಗಿರಲಿಲ್ಲ. ಬರೀ ಕಹಿ, ಹಿಂದೆ ಒಂದು ಸುಟ್ಟ ವಾಸನೆ. ಇಷ್ಟು ವರ್ಷ ಇದನ್ನೇ ಕುಡಿದೆನಾ ಅನ್ನಿಸಿತು. ನನ್ನ ಕಾಫಿ ಕಲಿಕೆ ಶುರುವಾಗಿದ್ದು ಅಲ್ಲಿಂದ.

ಮೊದಲು ಪುಡಿ ಬದಲಾಯಿಸಿದೆ. ನಾವು ಯಾವಾಗಲೂ ತರುತ್ತಿದ್ದುದು 60ಕ್ಕೆ 40 ಚಿಕೋರಿ ಸೇರಿದ ಪುಡಿ. ಚಿಕೋರಿ ಅಂದರೆ ಒಂದು ಗಿಡದ ಬೇರು, ಒಣಗಿಸಿ ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಕೊಡುತ್ತೆ. ಜಾಸ್ತಿಯಾದರೆ ಬೀಜದ ಘಮವನ್ನು ನುಂಗಿಬಿಡುತ್ತೆ. ಪ್ಯಾಕೆಟ್ಟಿನ ಮಿಶ್ರಣದಲ್ಲಿ ಕಾಫಿಯೇ ಕಡಿಮೆ ಅಂದರೂ ನೂರಕ್ಕೆ 51 ಇರಬೇಕು ಅಂತ ನಿಯಮ. ಅಂದರೆ 49ರವರೆಗೆ ಚಿಕೋರಿ ಇರಬಹುದು! ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ. ನಾನು 85ಕ್ಕೆ 15ಕ್ಕೆ ಬಂದು ನಿಂತೆ. ಅತ್ತೆಗೆ ಚಿಕೋರಿ ಪೂರ್ತಿ ಬಿಡುವುದು ಇಷ್ಟವಿರಲಿಲ್ಲ. ಲೋಟದ ತಳದಲ್ಲಿ ಸ್ವಲ್ಪ ಬಣ್ಣ ಕಾಣಬೇಕು ಅವರಿಗೆ.

ಆಮೇಲೆ ಫಿಲ್ಟರು. ನನ್ನದು ಮದುವೆಯಲ್ಲಿ ಕೊಟ್ಟ ಸ್ಟೀಲ್ ಫಿಲ್ಟರು. ಅದರ ತೂತುಗಳು ಮುಕ್ಕಾಲು ಪಾಲು ಕಟ್ಟಿಕೊಂಡಿದ್ದವು. ಡಿಕಾಕ್ಷನ್ ಇಳಿಯದೆ ಇದ್ದಾಗ ತಲೆಗೊಂದು ತಟ್ಟು ತಟ್ಟಿ, ಮೇಲಿಂದ ಇನ್ನಷ್ಟು ಬಿಸಿನೀರು ಹುಯ್ದು ಓಡುತ್ತಿದ್ದೆ. ಈಗ ಮೇಲಿನ ಪಾತ್ರೆಯನ್ನು ತಿಂಗಳಿಗೊಮ್ಮೆ ಗ್ಯಾಸಿನ ಉರಿಗೆ ಹಿಡಿಯುತ್ತೇನೆ. ಒಳಗೆ ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತೆ. ಬೆಳಕಿಗೆ ಹಿಡಿದರೆ ಒಂದೊಂದು ತೂತೂ ಚುಕ್ಕಿಯ ಹಾಗೆ ಕಾಣಬೇಕು.

ನಾನು ಹಾಕುವ ರೀತಿ ಹೇಳುತ್ತೇನೆ. ಮೂರು ಲೋಟಕ್ಕೆ 25 ಗ್ರಾಂ ಪುಡಿ. ಫಿಲ್ಟರ್ ಒಣಗಿರಬೇಕು. ಪುಡಿ ಸಮ ಮಾಡಿ ಮೇಲೆ ಛತ್ರಿ, ಅಂದರೆ ಹಿಡಿ ಇರುವ ತೂತಿನ ಬಿಲ್ಲೆ, ಇಡುತ್ತೇನೆ, ಜೋರಾಗಿ ಒತ್ತುವುದಿಲ್ಲ, ಅದರ ಭಾರವೇ ಸಾಕು. ನೀರು ಕುದ್ದ ಮೇಲೆ ಒಲೆ ಆರಿಸಿ ಒಂದು ನಿಮಿಷ ಬಿಡುತ್ತೇನೆ. ಮೊದಲು ಎರಡು ಚಮಚ ನೀರು ಮಾತ್ರ. ಪುಡಿ ನೆನೆದು ಉಬ್ಬಬೇಕು. ಆ ಅರ್ಧ ನಿಮಿಷದಲ್ಲಿ ಬರುವ ವಾಸನೆಗೆ ನಾನು ಮುಖ ಬಗ್ಗಿಸಿ ನಿಲ್ಲುತ್ತೇನೆ, ಇವತ್ತಿಗೂ. ಆಮೇಲೆ ಉಳಿದ ನೀರು, ಒಟ್ಟು 130 ಎಂಎಲ್ ಇರಬಹುದು. ಮುಚ್ಚಳ ಮುಚ್ಚಿ ಹೊರಗೆ ಬಂದುಬಿಡುತ್ತೇನೆ. ಪುಡಿ ಕುಡಿದು ಉಳಿದದ್ದು, ಸುಮಾರು 80 ಎಂಎಲ್, ಹನಿಹನಿಯಾಗಿ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ರಂಗೋಲಿ ಆಗುತ್ತೆ, ಹೂ ಬಿಡಿಸುವುದು ಆಗುತ್ತೆ, ಇಲ್ಲಾ ಸುಮ್ನೆ ಜಗಲಿ ಮೇಲೆ ಕೂರುತ್ತೇನೆ. ಕೆಲಸಕ್ಕೆ ಹೋಗುವಾಗ ಈ ಇಪ್ಪತ್ತು ನಿಮಿಷವೇ ನನ್ನ ಶತ್ರುವಾಗಿತ್ತು.

ಹಾಲು ಆಗಷ್ಟೇ ಕಾದು ಉಕ್ಕಿದ್ದು ಬೇಕು. ನಾವು ನಂದಿನಿ ನೀಲಿ ಪ್ಯಾಕೆಟ್ ತರುತ್ತೇವೆ. ಎರಡು ಮೂರು ಸಲ ಕಾಯಿಸಿದ ಹಾಲು ಹಾಕಿದರೆ ಎಷ್ಟು ಒಳ್ಳೆ ಡಿಕಾಕ್ಷನ್ ಆದರೂ ಕೆಡುತ್ತೆ. ಉಳಿದ ಡಿಕಾಕ್ಷನ್ ಬಿಸಿ ಮಾಡಬೇಕಾದರೆ ಒಲೆ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಆ ಬಟ್ಟಲು ಇಡಿ, ಸಾಕು.

ಈಗ ಹುರಿಯುವ ಕಥೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತಲ್ಲ, ನಾವು ಪುಡಿ ತರುತ್ತಿದ್ದ ಅಂಗಡಿಯ ಬಾಗಿಲು ಮುಚ್ಚಿತು. ಡಬ್ಬಿಯಲ್ಲಿ ಮೂರು ದಿನಕ್ಕಾಗುವಷ್ಟು ಪುಡಿ. ಆಗ ನೆನಪಾದದ್ದು ಅಟ್ಟದ ಮೇಲಿನ ಹಸಿ ಬೀಜ. ನಾದಿನಿಯನ್ನು ಮೂಡಿಗೆರೆ ಕಡೆಗೆ ಕೊಟ್ಟಿದ್ದೇವೆ, ಅವರದು ನಾಲ್ಕು ಎಕರೆ ಅರೇಬಿಕಾ ತೋಟ. ಸಂಕ್ರಾಂತಿಗೆ ಬಂದಾಗ ಎರಡು ಕೆಜಿ ಬೀಜ ಕೊಟ್ಟು ಹೋಗಿದ್ದಳು. ಹುರಿಯಲು ನನಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು. ಅವರ ಕಾಲದಲ್ಲಿ ಮನೆಯಲ್ಲೇ ಹುರಿಯುತ್ತಿದ್ದರಂತೆ. ಆದರೆ ಅವರಿಗೆ ಆಗ 84. ಕಣ್ಣಿಗೆ ಪೊರೆ ಬಂದು ಒಂದು ಕಣ್ಣು ಪೂರ್ತಿ ಮಂಜು. ಒಲೆ ಹತ್ತಿರ ನಿಲ್ಲುವ ಹಾಗಿಲ್ಲ.

"ನನ್ನ ಕುರ್ಚಿ ಅಡುಗೆಮನೆ ಬಾಗಿಲಿಗೆ ಹಾಕು. ನೀನು ಕೈಯಾಡಿಸ್ತಿರು, ನಾನು ಹೇಳ್ತೀನಿ" ಅಂದರು.

ಕಬ್ಬಿಣದ ಬಾಣಲೆ, ಮಧ್ಯಮ ಉರಿ, ಕಾಲು ಕೆಜಿ ಬೀಜ. ಮರದ ಸಟ್ಟುಗದಲ್ಲಿ ಬಿಡದೆ ಕೈಯಾಡಿಸಬೇಕು. ಮೊದಮೊದಲು ಹಸಿ ಹುಲ್ಲಿನ ವಾಸನೆ. ಐದಾರು ನಿಮಿಷಕ್ಕೆ ಬೀಜ ಹಳದಿಗೆ ತಿರುಗಿತು, ಒಣಗಿದ ಹುಲ್ಲಿನ ಬಣವೆ ಪಕ್ಕ ನಿಂತ ಹಾಗೆ. "ಇನ್ನೂ ಹಸಿ, ಇನ್ನೂ ಹಸಿ" ಅನ್ನುತ್ತಿದ್ದರು ಅತ್ತೆ, ಕಣ್ಣು ಮುಚ್ಚಿಕೊಂಡು. ಆಮೇಲೆ ಬಿಸಿ ರೊಟ್ಟಿಯ ವಾಸನೆ ಬಂತು. "ಈಗ ಕೈ ಬೇಗ ಬೇಗ." ಬೀಜದ ತೆಳು ಹೊಟ್ಟು ಬಿಟ್ಟು ಹಾರತೊಡಗಿತು. ಹನ್ನೆರಡು ನಿಮಿಷ ಆಗಿರಬೇಕು, ಚಟ್ ಅಂತ ಒಂದು ಬೀಜ ಸಿಡಿಯಿತು. ಹಿಂದೆಯೇ ಚಟಪಟ ಚಟಪಟ. ನಾನು ಬೆದರಿ ಒಲೆ ಆರಿಸಿದೆ. "ಯಾರೇ ಆರಿಸು ಅಂದಿದ್ದು? ಹಚ್ಚು, ಹಚ್ಚು!"

ಆ ಮೊದಲ ಸಲದ್ದು ಹದ ತಪ್ಪಿತು. ಮತ್ತೆ ಹಚ್ಚಿ, ಗಾಬರಿಯಲ್ಲಿ ಉರಿ ಜಾಸ್ತಿ ಮಾಡಿ, ಬೀಜದ ಮೇಲೆ ಎಣ್ಣೆ ಜಿನುಗಿ ಕರ್ರಗಾಯಿತು. ಎರಡನೇ ಸಲ ಬೇರೆ ಬೀಜ ಹುರಿದಾಗ, ಸಿಡಿಯುವ ಶಬ್ದ ವಿರಳವಾಗುವವರೆಗೆ ಕಾದು ಇಳಿಸಿದೆ. ಇಳಿಸಿದ ತಕ್ಷಣ ಮೊರಕ್ಕೆ ಹರಡಿ ಬೀಸಣಿಗೆಯಲ್ಲಿ ಗಾಳಿ ಹಾಕಬೇಕು. ಇಲ್ಲದಿದ್ದರೆ ಬಾಣಲೆಯ ಕಾವಿಗೇ ಇನ್ನೂ ಹುರಿಯುತ್ತಾ ಹೋಗುತ್ತೆ. ತೂಕ ಮಾಡಿದೆ, 250 ಗ್ರಾಂ ಇದ್ದದ್ದು 210 ಆಗಿತ್ತು. ಹೋದದ್ದು ಹೆಚ್ಚಾಗಿ ಒಳಗಿನ ನೀರಿನ ಅಂಶ. ಒಂದು ದಿನ ಹಾಗೇ ಇಟ್ಟು, ಮಾರನೇ ದಿನ ಅತ್ತೆಯ ಹಳೇ ಕೈ ಮಿಷನ್ನಿನಲ್ಲಿ ಬೀಸಿದೆ. ಮೂರು ಲೋಟಕ್ಕಾಗುವಷ್ಟು ಬೀಸಲು ನಾಲ್ಕು ನಿಮಿಷ ಹಿಡಿ ತಿರುಗಿಸಬೇಕು.

ಆ ಕಾಫಿ ಕುಡಿದು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಹಿಯ ಒಳಗೆ ಒಂದು ಸಣ್ಣ ಹುಳಿ, ಆಮೇಲೆ ಬೆಲ್ಲದ ಪಾಕದಂಥ ಸಿಹಿ. ನಮ್ಮನೆಯವರು ಲೋಟ ಕೆಳಗಿಟ್ಟು, "ಇದು ನಾವು ಕುಡೀತಿದ್ದ ಕಾಫಿಯೇ ಅಲ್ಲ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಹದಿನೈದು ದಿನಕ್ಕೊಂದು ಭಾನುವಾರ ಹುರಿಯುವ ದಿನ. ಹಸಿ ಬೀಜ ತಿಂಗಳುಗಟ್ಟಲೆ ಇರುತ್ತೆ. ಹುರಿದದ್ದು ಕೆಲವು ವಾರ. ಪುಡಿಯ ಘಮ ಕೆಲವೇ ದಿನ. ಹಾಗಾಗಿ ಅವತ್ತಿನದು ಅವತ್ತಿಗೆ ಬೀಸುತ್ತೇನೆ.

ಒಮ್ಮೆ ಮಾರ್ಚ್‌ನಲ್ಲಿ ನಾದಿನಿ ಮನೆಗೆ ಹೋಗಿದ್ದೆ. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಎದ್ದರೆ ತೋಟ ಬೆಳ್ಳಗೆ, ಮಲ್ಲಿಗೆ ತೋಟದಂಥ ಘಮ, ಜೇನಿನ ಗುಂಯ್ ಸದ್ದು. ಆ ಹೂವು ಇರುವುದು ಮೂರ್ನಾಲ್ಕು ದಿನ ಅಷ್ಟೇ. ಸೂಫಿ ಸಂತ ಬಾಬಾ ಬುಡನ್ ಅವರು ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಅಂತ ಚಿಕ್ಕಮಗಳೂರಿನ ಕಡೆ ಎಲ್ಲರೂ ಹೇಳುತ್ತಾರೆ. ಆ ಏಳರ ಸಂತತಿ ಇದು ಅಂತ ನಾದಿನಿ ಗಿಡ ಮುಟ್ಟಿ ತೋರಿಸಿದಳು. ನಿವೃತ್ತಿ ಆಗದೆ ಇದ್ದಿದ್ದರೆ ಮಾರ್ಚ್ ತಿಂಗಳಲ್ಲಿ ನನಗೆ ಯಾರು ರಜೆ ಕೊಡುತ್ತಿದ್ದರು?

ಹಾಗಂತ ದಿನವಿಡೀ ಕುಡಿಯುವುದಿಲ್ಲ. ದಿನಕ್ಕೆ ಎರಡೇ ಲೋಟ. ನನಗೆ ಥೈರಾಯ್ಡ್ ಇದೆ. ಮಾತ್ರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ಜೊತೆಗೇ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೊದಲು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಒಟ್ಟಿಗೇ ನುಂಗುತ್ತಿದ್ದೆ. ಈಗ ಐದಕ್ಕೆ ಮಾತ್ರೆ, ಆರಕ್ಕೆ ಕಾಫಿ. ಕಬ್ಬಿಣಾಂಶದ ಮಾತ್ರೆ ತಗೊಳ್ಳುವವರೂ ಕಾಫಿಯನ್ನು ದೂರ ಇಟ್ಟುಕೊಳ್ಳಬೇಕು. ಎರಡನೇ ಲೋಟ ಮಧ್ಯಾಹ್ನ ಮೂರಕ್ಕೆ. ಅದಕ್ಕಿಂತ ತಡವಾದರೆ ನಿದ್ದೆ ಬರುವುದಿಲ್ಲ. ಕೆಫೀನ್ ಅರ್ಧದಷ್ಟು ಇಳಿಯಲು ಐದಾರು ಗಂಟೆ ಬೇಕು. ವಯಸ್ಸಾದ ಮೇಲೆ ನಿದ್ದೆಯೇ ತೆಳು, ಅದನ್ನು ಕಾಪಾಡಿಕೊಳ್ಳಬೇಕು.

ಸಂಜೆಗೆ ಕಷಾಯ. ಧನಿಯಾ ಒಂದು ಬಟ್ಟಲು, ಜೀರಿಗೆ ಅರ್ಧ ಬಟ್ಟಲು, ಮೆಣಸು ಎರಡು ಚಮಚ, ಮೆಂತ್ಯ ಒಂದು ಚಮಚ, ಒಂದು ತುಂಡು ಒಣಶುಂಠಿ. ಬೇರೆಬೇರೆ ಹುರಿದು ಪುಡಿ ಮಾಡಿಟ್ಟರೆ ತಿಂಗಳಿಗಾಗುತ್ತೆ. ನೀರಿನಲ್ಲಿ ಕುದಿಸಿ ಹಾಲು ಹಾಕಿ, ಒಲೆ ಆರಿಸಿದ ಮೇಲೆ ಬೆಲ್ಲ ಹಾಕಿ. ಕುದಿಯುವಾಗ ಬೆಲ್ಲ ಹಾಕಿದರೆ ಹಾಲು ಒಡೆಯುತ್ತೆ. ಬೇಸಿಗೆಯಲ್ಲಿ ನೀರುಮಜ್ಜಿಗೆ. ರಾಮನವಮಿ ಆಸುಪಾಸಿನಲ್ಲಿ ಬೇಲದ ಹಣ್ಣಿನ ಪಾನಕ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಅತ್ತೆ ಬರೀ ನೀರು ಕೊಟ್ಟರೆ ಬೇಡ ಅನ್ನುತ್ತಾರೆ, ಮಜ್ಜಿಗೆಗೆ ಇಂಗು ಕರಿಬೇವು ಹಾಕಿ ಕೊಟ್ಟರೆ ಎರಡು ಲೋಟ ಕುಡಿಯುತ್ತಾರೆ.

ಮೂರು ಗಂಟೆ ಕಾಫಿಯ ನಂತರ ಜಗಲಿಯಲ್ಲಿ ಚೌಕಾಬಾರ. ಪಕ್ಕದ ಮನೆ ಅಕ್ಕ, ಎದುರುಮನೆಯವರು, ನಾನು, ಅತ್ತೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲೆ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತೆ. ನಮ್ಮಲ್ಲಿ ಒಂದು ಕಾಯಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ. ಅತ್ತೆ ಕವಡೆಯನ್ನು ಬೆರಳಲ್ಲಿ ಮುಟ್ಟಿ ಎಣಿಸುತ್ತಾರೆ. ಬಿಟ್ಟುಕೊಟ್ಟು ಆಡಿದರೆ ಅವರಿಗೆ ಗೊತ್ತಾಗುತ್ತೆ, ಕೋಪ ಬರುತ್ತೆ. ಹಾಗಾಗಿ ಯಾರೂ ಬಿಟ್ಟುಕೊಡುವುದಿಲ್ಲ.

ಬೆಳಗಿನ ಕಾಫಿ ಆದ ಮೇಲೆ ಯಜಮಾನರೂ ನಾನೂ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಕುವೆಂಪು ಅವರು ಸುತ್ತುತ್ತಿದ್ದ ಏರಿ. ಪೂರ್ತಿ ಸುತ್ತು ಹಾಕಬೇಕು ಅಂತ ನಾವೇನೂ ಹಟ ಹಿಡಿಯುವುದಿಲ್ಲ. ಹೆಜ್ಜಾರ್ಲೆ ನೀರಿಗಿಳಿಯುವುದು ಕಾಣುವ ಕಡೆ ಒಂದು ಕಲ್ಲುಬೆಂಚು ಇದೆ, ಅಲ್ಲಿ ಕೂರುತ್ತೇವೆ.

ಇನ್ನೊಂದು ಹೇಳಲೇಬೇಕು. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಒಂದು ದಿನ ಚರ್ಚ್ ಸ್ಟ್ರೀಟ್‌ನ ಇಂಡಿಯಾ ಕಾಫಿ ಹೌಸ್‌ಗೆ ಒಬ್ಬಳೇ ಹೋದೆ. 2009ರವರೆಗೆ ಅದು ಎಂ.ಜಿ. ರಸ್ತೆಯಲ್ಲಿತ್ತು. ಅಲ್ಲಿದ್ದಾಗ ಯಜಮಾನರ ಜೊತೆ ಒಂದು ಸಲ ಹೋಗಿದ್ದೆ. ಒಬ್ಬಳೇ ಹೋಟೆಲ್ ಮೇಜಿನ ಮುಂದೆ ಕೂತಿದ್ದು ಬದುಕಿನಲ್ಲಿ ಅದೇ ಮೊದಲು. ವಯಸ್ಸು 59. ಬಾಗಿಲಲ್ಲಿ ಕಾಲು ತಡವರಿಸಿತು. ಪೇಟ ಕಟ್ಟಿದ ವೇಟರ್ ಬಂದು, "ಒಬ್ರೇನಾ ಅಮ್ಮ?" ಅಂದರು. "ಒಬ್ಬಳೇ" ಅಂದೆ. ಅವರು ಕಿಟಕಿ ಪಕ್ಕದ ಜಾಗ ತೋರಿಸಿದರು. ಒಂದು ಕಾಫಿಗೆ ಮುಕ್ಕಾಲು ಗಂಟೆ ಕೂತಿದ್ದೆ. ಯಾರೂ ಏಳಿ ಅನ್ನಲಿಲ್ಲ. ನನ್ನ ವಯಸ್ಸಿನ ಹೆಂಗಸರು ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ಹೀಗೆ ಹೋಗಿ ಬನ್ನಿ. ದುಡ್ಡು ಜಾಸ್ತಿ ಬೇಕಾಗಿಲ್ಲ.

ಅತ್ತೆಗೆ ಈಗ ತೊಂಬತ್ತು ಹತ್ತಿರವಾಗಿದೆ. ಕಾಫಿ ಅರ್ಧ ಲೋಟಕ್ಕೆ ಇಳಿದಿದೆ. ಹೋದ ವರ್ಷದಿಂದ ವಾಸನೆ ಅಷ್ಟಾಗಿ ತಿಳಿಯುತ್ತಿಲ್ಲ ಅವರಿಗೆ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ಭಾನುವಾರ ಬೀಜ ರೊಟ್ಟಿ ವಾಸನೆಗೆ ಬಂದರೂ "ಇನ್ನೂ ಹಸಿ" ಅಂದಾಗ ನನಗೆ ಗೊತ್ತಾಯಿತು. ಈಗ ಅವರ ಕುರ್ಚಿಯನ್ನು ಬಾಗಿಲಲ್ಲಿ ಹಾಕುವುದಿಲ್ಲ, ಒಳಗೆ, ಒಲೆಗೆ ಮೂರು ಅಡಿ ದೂರದಲ್ಲಿ ಹಾಕುತ್ತೇನೆ. ರೇಡಿಯೋ ಆಫ್ ಮಾಡುತ್ತೇನೆ. ಬೀಜ ಸಿಡಿಯಲು ಶುರುವಾದಾಗ ಅವರು ಕೈ ಎತ್ತಿ ಹಿಡಿದು ಕೇಳಿಸಿಕೊಳ್ಳುತ್ತಾರೆ. ಚಟಪಟ ಸದ್ದು ದಟ್ಟವಾಗಿ, ವಿರಳವಾಗಿ, ಕೊನೆಗೆ ಒಂದೊಂದೇ ಆದಾಗ ಕೈ ಇಳಿಸುತ್ತಾರೆ.

"ಹೂಂ, ಇಳಿಸು."