ಜೆಸಿಬಿ ಬರುವ ಮುಂಚೆ ಮನೆಗೊಂದು ಸುತ್ತು

ಬೆಂಗಳೂರಿನಲ್ಲಿ ಹಳೇ ಮನೆ ಒಡೆಸುವಾಗ ಎಷ್ಟೋ ಸಲ ಕಾಂಟ್ರ್ಯಾಕ್ಟರೇ ಕೈಗೆ ಕಾಸು ಕೊಡುತ್ತಾನೆ. ಬಾಗಿಲು, ಕಿಟಕಿ, ಕಬ್ಬಿಣ ತನಗೆ ಬಿಡಬೇಕು, ಅಷ್ಟೇ. ಹಾಗಾಗಿ ತೇಗದ ಬಾಗಿಲು ಗೀರು ಬೀಳದಂತೆ ಇಳಿಯುತ್ತದೆ. ಬೆಲೆಯಿಲ್ಲದ್ದನ್ನು ಕೇಳುವವರಿಲ್ಲ, ವಿಷವಿರುವುದು ಬಹುಪಾಲು ಅದರಲ್ಲೇ. ವ್ಯಾಪಾರ ಕುದುರಿಸುವ ಮುಂಚೆ ಒಂದು ಹಾಳೆ ಹಿಡಿದು ಮನೆ ಸುತ್ತಿ. ಗುಜರಿಗೆ ಬೇಡವಾದದ್ದನ್ನೆಲ್ಲ ಬರೆದುಕೊಳ್ಳಿ.

ಮೊದಲು ಸಿಮೆಂಟ್ ಶೀಟು. ಮಹಡಿಯ ಬಾಡಿಗೆ ರೂಮು, ಹಿತ್ತಲ ಬಚ್ಚಲು, ಕಾರಿನ ಜಾಗ ಎಲ್ಲವನ್ನೂ ನೋಡಿ. ಹಳೆಯ ಬೂದು ಬಣ್ಣದ ಅಲೆಅಲೆ ಶೀಟು ಕಂಡರೆ ಕಲ್ನಾರು (ಆಸ್ಬೆಸ್ಟಾಸ್) ಎಂದೇ ಇಟ್ಟುಕೊಳ್ಳಿ. ನಮ್ಮಲ್ಲಿ ಇದರ ಮಾರಾಟ ನಿಂತಿಲ್ಲ, ನಿಜ. ಆದರೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಯಿಲೆ ತಲೆಯೆತ್ತಲು 20–40 ವರ್ಷ ಬೇಕು. ಅಷ್ಟರಲ್ಲಿ ಇಳಿಸಿದ ಕೂಲಿಯವನು ಎಲ್ಲೋ, ನೀವೆಲ್ಲೋ.

ಶೀಟು ಒಡೆದಾಗಲೇ ನಾರು ಹಾರುವುದು; ಆದ್ದರಿಂದ ಇಡಿಯಾಗಿ ಇಳಿಸಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಕೊಂಚ ಬೆರೆಸಿದ ನೀರನ್ನು ತುಂತುರಾಗಿ ಸಿಂಪಡಿಸಿ ನೆನೆಸಿ. ತುಕ್ಕು ಹಿಡಿದ ನಟ್ಟು ಬಿಚ್ಚಲು ಬಾರದಿದ್ದರೆ ಹುಕ್ಕನ್ನು ಕತ್ತರಿಸಲಿ, ಶೀಟಿಗೆ ಸುತ್ತಿಗೆ ಬೀಳಕೂಡದು. ಅದರ ಮೇಲೆ ಕಾಲಿಟ್ಟರೆ ಮುರಿದು ಆಳೇ ಕೆಳಗೆ ಬೀಳುತ್ತಾನೆ. ಕೈಯಿಂದ ಕೈಗೆ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ. ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಪೊರಕೆ ಬೇಡ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಏನೂ ತಡೆಯದು. ಅತಿ ಸಣ್ಣ ದೂಳನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ಬೇಕು. ದೂಳಿನ ಬಟ್ಟೆ ಆಳುಗಳ ಮನೆಗೆ, ಮಕ್ಕಳ ಹತ್ತಿರಕ್ಕೆ ಹೋಗಬಾರದು. ‘ಕೊಟ್ಟಿಗೆಗೆ ಬೇಕಿತ್ತು ಸ್ವಾಮಿ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಡಬೇಡಿ. ಎಲ್ಲಿಗೆ ಸಾಗಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಮೊದಲೇ ವಿಚಾರಿಸಿ.

ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳಲ್ಲಿ ಪಾದರಸವಿದೆ; ಒಡೆಯದಂತೆ ಬಿಚ್ಚಿ ಇ-ತ್ಯಾಜ್ಯಕ್ಕೆ ಕೊಡಿ. ಎಸಿಯ ಪೈಪು ಕತ್ತರಿಸುವ ಮುಂಚೆ ಮೆಕ್ಯಾನಿಕ್ ಬಂದು ಗ್ಯಾಸನ್ನು ಸಿಲಿಂಡರಿಗೆ ತುಂಬಿಕೊಳ್ಳಲಿ.

ಬಣ್ಣದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಗ್ರಿಲ್ಲನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದರೆ ಹೊಗೆಯಲ್ಲಿ ಸೀಸ ಬರಬಹುದು. ಬಣ್ಣ ಬಳಿದ ಮುರುಕು ಚೌಕಟ್ಟು ಹಂಡೆ ಒಲೆಗೂ ಹೋಗಬಾರದು.

ಇನ್ನು ನೆಲದಡಿ. ಕಕ್ಕಸಿನ ಹಳೇ ಪಿಟ್ ಎಲ್ಲಿದೆಯೆಂದು ಗುರುತು ಹಾಕದೆ ಜೆಸಿಬಿ ಒಳಗೆ ಬಿಡಬೇಡಿ. ಸಕ್ಕಿಂಗ್ ಮಷಿನ್ ತರಿಸಿ ಖಾಲಿ ಮಾಡಿಸಿ, ಮಣ್ಣು ತುಂಬಿಸಿ. ರಕ್ಷಣಾ ಸಲಕರಣೆಯಿಲ್ಲದೆ ಒಳಗೆ ಆಳು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ವಿಷಾನಿಲಕ್ಕೆ ಕಾಯ್ದೆಯೂ ಬೇಕಿಲ್ಲ, ಕೊಲ್ಲಲು ಕ್ಷಣ ಸಾಕು.

ಬತ್ತಿದ ಕೊಳವೆಬಾವಿಯದೂ ಇದೇ ಕತೆ: ಕೇಸಿಂಗ್ ಪೈಪಿಗೆ ಬೆಲೆಯುಂಟು, ಕಿತ್ತೊಯ್ಯುತ್ತಾರೆ, ತೂತಿಗೆ ಬೆಲೆಯಿಲ್ಲ, ಬಿಟ್ಟುಹೋಗುತ್ತಾರೆ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಜೀವಂತವಾಗಿ ಮೇಲೆತ್ತಿದ್ದು ಅದೃಷ್ಟ. ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಜಲ್ಲಿ ತುಂಬಿಸಿ.

ಪಟ್ಟಿ ಮುಂದಿಟ್ಟರೆ ಕಾಂಟ್ರ್ಯಾಕ್ಟರ್ ಕೊಡುವ ಕಾಸು ಇಳಿಯುತ್ತದೆ, ಬಹುಶಃ ನೀವೇ ಕೊಡಬೇಕಾಗಬಹುದು. ಕೊಡಿ. ಆದರೆ ಒಂದೊಂದನ್ನೂ ಕರಾರಿನಲ್ಲಿ ಬರೆಸಿ, ಶೀಟು ಕೆಳಗಿಳಿದು ಪಿಟ್ ಮುಚ್ಚುವವರೆಗೆ ಗೇಟಿನ ಬೀಗದ ಕೈ ನಿಮ್ಮಲ್ಲೇ ಇರಲಿ.